ಡೇಟನ್‌ ಬಡವಾದದ್ದು ಹೇಗೆ? ಒಂದು ಅಮೆರಿಕನ್ ಊರಿನ ಜನ, ದುಡ್ಡು ಮತ್ತು ಗಡಿಗಳ ಲೆಕ್ಕ

ಒಹಾಯೊ ರಾಜ್ಯದ ಡೇಟನ್ ಬಗ್ಗೆ ಯಾರೇ ಬರೆದರೂ ಮೊದಲು ಎತ್ತುವುದು ಒಂದೇ ಲೆಕ್ಕ. 1960ರಲ್ಲಿ ಅಲ್ಲಿ 2,62,332 ಜನ ಇದ್ದರು. 2020ರ ಗಣತಿಯಲ್ಲಿ ಸಿಕ್ಕಿದ್ದು 1,37,644. ಅರವತ್ತು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಊರು ಖಾಲಿ. ಇದರ ಜೊತೆಗೆ ಬೀಗ ಬಿದ್ದ ಕಾರ್ಖಾನೆಯ ಒಂದು ಫೋಟೊ, ಕಿಟಕಿಗೆ ಹಲಗೆ ಹೊಡೆದ ಮನೆಯ ಇನ್ನೊಂದು ಫೋಟೊ ಹಾಕಿದರೆ ಲೇಖನ ಮುಗಿಯಿತು. ಕಾರ್ಖಾನೆ ಹೋಯಿತು, ಊರು ಮುಳುಗಿತು, ಅಷ್ಟೇ.

ಈ ಕಥೆಯಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಗೊತ್ತಾಗಬೇಕು ಅಂದ್ರೆ ಇನ್ನೊಂದು ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಬೇಕು.

ಡೇಟನ್ ಮಹಾನಗರ ಪ್ರದೇಶ ಅಂತ ಅಮೆರಿಕದ ಗಣತಿಯವರು ಕರೆಯುವುದು ಮೂರು ಕೌಂಟಿಗಳನ್ನು, ಅಂದರೆ ನಮ್ಮ ಜಿಲ್ಲೆಗಳಂಥವನ್ನು: ಮಾಂಟ್ಗಮರಿ, ಗ್ರೀನ್ ಮತ್ತು ಮಯಾಮಿ. 2020ರಲ್ಲಿ ಈ ಮೂರರಲ್ಲೂ ಸೇರಿ 8,14,049 ಜನ. 1970ರಲ್ಲಿ ಇವೇ ಮೂರು ಕೌಂಟಿಗಳನ್ನು ಕೂಡಿದರೆ ಎಷ್ಟಿತ್ತು ಗೊತ್ತಾ? 8 ಲಕ್ಷದ 15 ಸಾವಿರದ ಆಸುಪಾಸು. ಐವತ್ತು ವರ್ಷದಲ್ಲಿ ಮೊತ್ತ ಅಲುಗಾಡಿಲ್ಲ. ಅದೇ ಐವತ್ತು ವರ್ಷದಲ್ಲಿ ಡೇಟನ್ ನಗರದ ಗಡಿಯೊಳಗಿನ ಜನ ಮಾತ್ರ 2,43,601ರಿಂದ 1,37,644ಕ್ಕೆ ಇಳಿದರು. ಪಕ್ಕದ ಗ್ರೀನ್ ಕೌಂಟಿ ಸುಮಾರು 1 ಲಕ್ಷದ 25 ಸಾವಿರದಿಂದ 1,67,966ಕ್ಕೆ ಏರಿತು. ಮಯಾಮಿ ಕೌಂಟಿಯೂ ಏರಿತು.

ಪ್ರದೇಶ ಚೆನ್ನಾಗಿ ಬೆಳೆಯಿತು ಅಂತ ನಾನು ಹೇಳುತ್ತಿಲ್ಲ. ಅದೇ ಅವಧಿಯಲ್ಲಿ ಇಡೀ ಅಮೆರಿಕದ ಜನಸಂಖ್ಯೆ 20 ಕೋಟಿಯಿಂದ 33 ಕೋಟಿಗೆ ಹೋಗಿದೆ, ಡೇಟನ್ ಪ್ರದೇಶ ನಿಂತಲ್ಲೇ ನಿಂತಿದೆ. ಅದೂ ಒಂದು ಸೋಲೇ. ಆದರೆ ನಿಂತಲ್ಲೇ ನಿಲ್ಲುವುದಕ್ಕೂ ಅರ್ಧಕ್ಕೆ ಇಳಿಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಈ ವ್ಯತ್ಯಾಸ ಹುಟ್ಟಿದ್ದು ನಕಾಶೆಯ ಮೇಲಿನ ಗೆರೆಗಳಿಂದ. ಜನ ಮತ್ತು ದುಡ್ಡು ಆ ಗೆರೆ ದಾಟಿ ಆಚೆ ಹೋದವು, ದಾಟಲಾಗದವರು ಈಚೆ ಉಳಿದರು. ಡೇಟನ್‌ನ ಬಡತನದ ಬಗ್ಗೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ.

ನಮ್ಮ ಕನ್ನಡದವರಿಗೂ ಇದು ತೀರಾ ದೂರದ ವಿಷಯವೇನಲ್ಲ. "ನಾವು ಡೇಟನ್‌ನಲ್ಲಿದ್ದೇವೆ" ಅನ್ನುವ ಭಾರತೀಯ ಕುಟುಂಬಗಳನ್ನು ವಿಳಾಸ ಕೇಳಿ ನೋಡಿ. ಹೆಚ್ಚಿನವರು ಬೀವರ್‌ಕ್ರೀಕ್ ಅಂತಲೋ ಸೆಂಟರ್‌ವಿಲ್ ಅಂತಲೋ ಹೇಳುತ್ತಾರೆ. ಅಲ್ಲಿನ ಹಿಂದೂ ದೇವಸ್ಥಾನ ಇರುವುದೂ ಬೀವರ್‌ಕ್ರೀಕ್‌ನಲ್ಲಿ. ನಮ್ಮ ದೇಶದ ಎಂಜಿನಿಯರಿಂಗ್ ಹುಡುಗರು ಸಾಕಷ್ಟು ಜನ ಬಂದು ಓದಿದ ರೈಟ್ ಸ್ಟೇಟ್ ವಿಶ್ವವಿದ್ಯಾಲಯ ಇರುವುದೂ ಗ್ರೀನ್ ಕೌಂಟಿಯಲ್ಲಿ. ಇವೆಲ್ಲ ಡೇಟನ್ ಹೆಸರಿನ ನೆರಳಲ್ಲಿ ಇರುವ, ಡೇಟನ್ ಅಲ್ಲದ ಜಾಗಗಳು. ಅಲ್ಲಿ ಹತ್ತು ವರ್ಷ ಇದ್ದವರಿಗೂ ನಗರದ ಪಶ್ಚಿಮ ಭಾಗ ಹೇಗಿದೆ ಅಂತ ಗೊತ್ತಿಲ್ಲದೆ ಇರುವುದು ಸಾಧ್ಯ. ಅದು ಅವರ ತಪ್ಪು ಅಂತ ಅಲ್ಲ. ಕೆಲಸ, ಶಾಲೆ, ಅಂಗಡಿ, ರಸ್ತೆ ಎಲ್ಲವೂ ಆ ಕಡೆ ಹೋಗದೇ ಬದುಕು ನಡೆಯುವ ಹಾಗೆ ಇವೆ.

ಆದಾಯದ ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಡೇಟನ್ ನಗರದೊಳಗೆ, ಆದಾಯದ ಸಾಲಿನಲ್ಲಿ ನಟ್ಟನಡುವೆ ನಿಲ್ಲುವ ಕುಟುಂಬದ ವರ್ಷದ ಆದಾಯ 40ರಿಂದ 45 ಸಾವಿರ ಡಾಲರ್. ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಬಡತನದ ಗೆರೆಯ ಕೆಳಗೆ. ಬೀವರ್‌ಕ್ರೀಕ್‌ನಲ್ಲಿ ಅದೇ ಆದಾಯ 1 ಲಕ್ಷ ಡಾಲರ್ ಆಸುಪಾಸು. ನಗರಕ್ಕೆ ಅಂಟಿಕೊಂಡೇ ಇರುವ ಓಕ್‌ವುಡ್‌ನಲ್ಲಿ 1 ಲಕ್ಷಕ್ಕೂ ಮೀರುತ್ತದೆ. ಓಕ್‌ವುಡ್‌ಗೂ ಡೇಟನ್‌ಗೂ ನಡುವೆ ಬೆಟ್ಟ ಇಲ್ಲ, ಕಾಡಿಲ್ಲ. ಒಂದು ರಸ್ತೆ ದಾಟಿದರೆ ಊರು ಬದಲು, ಪೊಲೀಸ್ ಬದಲು, ಶಾಲೆ ಬದಲು.

ಜನಾಂಗದ ಲೆಕ್ಕವೂ ಹಾಗೇ. ನಗರದೊಳಗೆ ನೂರಕ್ಕೆ 38–40 ಜನ ಕಪ್ಪು ವರ್ಣೀಯರು, ಅರ್ಧದಷ್ಟು ಬಿಳಿಯರು, ಐದಾರು ಜನ ಹಿಸ್ಪಾನಿಕ್ ಮೂಲದವರು. ಮೂರು ಕೌಂಟಿಯನ್ನೂ ಸೇರಿಸಿ ನೋಡಿದರೆ ಕಪ್ಪು ವರ್ಣೀಯರ ಪಾಲು 15ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಒಂದು ಇಡೀ ಪ್ರದೇಶದ ಕಪ್ಪು ಜನ ಅದರ ಒಂದು ಮೂಲೆಯಲ್ಲೇ ಕೂಡಿಕೊಂಡಿದ್ದಾರೆ. ನಗರದ ಒಳಗೂ ಸಮವಾಗಿ ಹರಡಿಲ್ಲ. ಗ್ರೇಟ್ ಮಯಾಮಿ ನದಿಯ ಪಶ್ಚಿಮಕ್ಕೆ ಕಪ್ಪು ವರ್ಣೀಯರು, ಪೂರ್ವಕ್ಕೆ ಬಿಳಿಯರು.

ಇದು ತಾನಾಗಿ ಆದದ್ದಲ್ಲ. ಹೇಗೆ ಆಯಿತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಡೇಟನ್ ಅಂದರೆ ಇವತ್ತಿನ ಟೆಕ್ ಊರುಗಳ ಹಾಗೆ. ರೈಟ್ ಸಹೋದರರು ಸೈಕಲ್ ಅಂಗಡಿ ಇಟ್ಟುಕೊಂಡು ವಿಮಾನ ಕಟ್ಟಿದ್ದು ಇಲ್ಲೇ, ಅದೂ ನಗರದ ಪಶ್ಚಿಮ ಭಾಗದಲ್ಲೇ. ಜಾನ್ ಪ್ಯಾಟರ್ಸನ್ ಕಟ್ಟಿದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ, ಅಂದರೆ ಎನ್‌ಸಿಆರ್, ಇಲ್ಲಿಂದ ಜಗತ್ತಿಗೆಲ್ಲ ಗಲ್ಲಾಪೆಟ್ಟಿಗೆ ಕಳಿಸುತ್ತಿತ್ತು. ಅಲ್ಲಿ ಕೆಲಸ ಮಾಡಿದ ಚಾರ್ಲ್ಸ್ ಕೆಟರಿಂಗ್ ಆಮೇಲೆ ಡೆಲ್ಕೊ ಶುರು ಮಾಡಿ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ತಂದರು. ಡೆಲ್ಕೊ ಮುಂದೆ ಜನರಲ್ ಮೋಟಾರ್ಸ್ ಪಾಲಾಯಿತು, ಫ್ರಿಜಿಡೇರ್ ಫ್ರಿಜ್ ಕಾರ್ಖಾನೆಯೂ ಬಂತು. ಮಿಷಿಗನ್ ರಾಜ್ಯ ಬಿಟ್ಟರೆ ಜನರಲ್ ಮೋಟಾರ್ಸ್‌ನ ಅತಿ ಹೆಚ್ಚು ಕೆಲಸಗಾರರು ಇದ್ದದ್ದು ಡೇಟನ್ ಸುತ್ತಮುತ್ತ ಅಂತ ಅಲ್ಲಿನವರು ಈಗಲೂ ಹೇಳುತ್ತಾರೆ.

ಇಷ್ಟು ಕೆಲಸ ಇದ್ದಾಗ ಜನ ಬರದೇ ಇರುತ್ತಾರಾ? ಎರಡು ದಿಕ್ಕಿನಿಂದ ಬಂದರು. ದಕ್ಷಿಣದ ರಾಜ್ಯಗಳಿಂದ ಕಪ್ಪು ವರ್ಣೀಯರು, ಕೆಂಟಕಿಯ ಗುಡ್ಡಗಾಡಿನಿಂದ ಬಡ ಬಿಳಿಯರು. ಗುಡ್ಡಗಾಡಿನವರು ಪೂರ್ವಕ್ಕೆ ಸೇರಿಕೊಂಡರು. ಕಪ್ಪು ವರ್ಣೀಯರಿಗೆ ಆಯ್ಕೆಯೇ ಇರಲಿಲ್ಲ. ಬೇರೆ ಕಡೆ ಮನೆ ಮಾರುತ್ತಿರಲಿಲ್ಲ, ಬಾಡಿಗೆಗೂ ಕೊಡುತ್ತಿರಲಿಲ್ಲ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆ ಊರೂರಿನ ನಕಾಶೆ ಮಾಡಿಸಿ "ಸಾಲ ಕೊಡಲು ಅಪಾಯ" ಅನ್ನಿಸಿದ ಕಡೆ ಕೆಂಪು ಬಣ್ಣ ಬಳಿಸಿತು. ಡೇಟನ್‌ನ ನಕಾಶೆಯಲ್ಲಿ ಪಶ್ಚಿಮದ ಕಪ್ಪು ಬಡಾವಣೆಗಳಿಗೆ ಕೆಂಪು ಬಿತ್ತು. ಅಮೆರಿಕದ ಮಧ್ಯಮ ವರ್ಗ ಆಸ್ತಿ ಮಾಡಿದ್ದೇ ಮನೆಸಾಲದಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿಳಿಯ ಕಾರ್ಮಿಕ ಅಗ್ಗದ ಸಾಲ ತೆಗೆದು ಹೊರವಲಯದಲ್ಲಿ ಮನೆ ಕೊಂಡ, ಅದರ ಬೆಲೆ ಏರಿತು, ಅದರಿಂದ ಮಕ್ಕಳು ಕಾಲೇಜಿಗೆ ಹೋದರು. ಅದೇ ಕಾರ್ಖಾನೆಯಲ್ಲಿ ದುಡಿದ ಕಪ್ಪು ಕಾರ್ಮಿಕನಿಗೆ ಆ ಏಣಿಯ ಮೊದಲ ಮೆಟ್ಟಿಲೇ ಸಿಗಲಿಲ್ಲ. ಸಂಬಳದಲ್ಲಿ ಇದ್ದ ಅಂತರಕ್ಕಿಂತ ಆಸ್ತಿಯಲ್ಲಿ ಹುಟ್ಟಿದ ಈ ಅಂತರ ಬಹಳ ದೊಡ್ಡದು, ಯಾಕಂದ್ರೆ ಅದು ಮುಂದಿನ ತಲೆಮಾರಿಗೂ ಇಳಿಯುತ್ತದೆ.

ಅದರ ಮೇಲೆ ಹೆದ್ದಾರಿ ಬಂತು. 75ನೇ ಇಂಟರ್‌ಸ್ಟೇಟ್ ಮತ್ತು 35ನೇ ಹೆದ್ದಾರಿ ನಗರದ ನಡುವೆ ಹಾದುಹೋದವು, ಕಪ್ಪು ವರ್ಣೀಯರ ಮನೆ-ಅಂಗಡಿಗಳ ಮೇಲೆಯೇ ಜಾಸ್ತಿ. ವೆಸ್ಟ್ ಫಿಫ್ತ್ ಸ್ಟ್ರೀಟ್ ಅವರ ಪೇಟೆ ಬೀದಿಯಾಗಿತ್ತು. ನಗರ ನವೀಕರಣದ ಹೆಸರಿನಲ್ಲಿ ಅದು ಕರಗಿಹೋಯಿತು. 1966ರ ಸೆಪ್ಟೆಂಬರ್ 1ರಂದು ಅದೇ ಬೀದಿಯಲ್ಲಿ ತನ್ನ ಮನೆಯೆದುರು ಗುಡಿಸುತ್ತಿದ್ದ ಒಬ್ಬ ಕಪ್ಪು ವರ್ಣೀಯನನ್ನು ಕಾರಿನಲ್ಲಿ ಬಂದವರು ಗುಂಡಿಕ್ಕಿ ಕೊಂದರು. ಊರು ಹೊತ್ತಿಕೊಂಡಿತು, ನ್ಯಾಷನಲ್ ಗಾರ್ಡ್ ಪಡೆ ಬಂತು. ಆಮೇಲೆ ಪಶ್ಚಿಮದಲ್ಲಿ ಉಳಿದಿದ್ದ ಬಿಳಿಯರ ಅಂಗಡಿಗಳೂ ಬಾಗಿಲು ಹಾಕಿದವು.

ಶಾಲೆಗಳ ಪಾಲು ಇನ್ನೂ ದೊಡ್ಡದು. ಡೇಟನ್ ಶಾಲೆಗಳಲ್ಲಿ ಬೇಕಂತಲೇ ಮಕ್ಕಳನ್ನು ಬಣ್ಣದ ಮೇಲೆ ಬೇರೆ ಮಾಡುತ್ತಿದ್ದಾರೆ ಅನ್ನುವ ಮೊಕದ್ದಮೆ ಸುಪ್ರೀಂ ಕೋರ್ಟ್‌ಗೆ ಎರಡು ಸಲ ಹೋಯಿತು, 1977ರಲ್ಲಿ ಮತ್ತು 1979ರಲ್ಲಿ. ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಓದಲಿ ಅಂತ ಕೋರ್ಟ್ ಆದೇಶದಂತೆ 1976ರಿಂದ ಮಕ್ಕಳನ್ನು ಬಸ್ಸಿನಲ್ಲಿ ಊರಿನ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಕಳಿಸುವ ವ್ಯವಸ್ಥೆ ಶುರುವಾಯಿತು. ಅದು ನಿಂತದ್ದು 2002ರಲ್ಲಿ. ಉದ್ದೇಶ ಒಳ್ಳೆಯದೇ. ಆದರೆ ಇಲ್ಲಿ ಒಂದು ದೊಡ್ಡ ತೂತು ಇತ್ತು. 1974ರಲ್ಲಿ ಡೆಟ್ರಾಯಿಟ್‌ನ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಸುತ್ತಲಿನ ಉಪನಗರಗಳ ತಪ್ಪು ಸಾಬೀತಾಗದೆ ಅವುಗಳ ಶಾಲೆಗಳನ್ನು ಇಂಥ ಯೋಜನೆಗೆ ಎಳೆಯುವಂತಿಲ್ಲ. ಹಾಗಾಗಿ ಡೇಟನ್ ಗಡಿಯೊಳಗೆ ಇದ್ದರೆ ಮಗು ಬಸ್ ಹತ್ತಬೇಕು, ಒಂದು ಮೈಲಿ ಆಚೆ ಕೆಟರಿಂಗ್ ಅನ್ನುವ ಉಪನಗರದಲ್ಲಿ ಮನೆ ಮಾಡಿದರೆ ಬೇಡ. ಬಿಳಿಯ ಪೋಷಕರು ಏನು ಮಾಡಿದರು ಅಂತ ಹೇಳಬೇಕಾಗಿಲ್ಲ. 1960ರ ದಶಕದಲ್ಲಿ 60 ಸಾವಿರದಷ್ಟು ಮಕ್ಕಳಿದ್ದ ಡೇಟನ್ ಸರ್ಕಾರಿ ಶಾಲೆಗಳಲ್ಲಿ ಈಗ ಸುಮಾರು 12 ಸಾವಿರ. ಕಾರ್ಖಾನೆಗಳು ಮುಚ್ಚಿದ್ದರಿಂದಲೇ ಜನ ಹೋದರು ಅನ್ನುವವರು ಇದನ್ನೂ ನೋಡಬೇಕು: ಹೆಚ್ಚಿನ ದೊಡ್ಡ ಕಾರ್ಖಾನೆಗಳು ಇನ್ನೂ ನಡೆಯುತ್ತಿದ್ದಾಗಲೇ ಜನ ಹೊರಟಿದ್ದರು.

ಸರಿ, ಜನ ಹೊರವಲಯಕ್ಕೆ ಹೋದರು. ಎಲ್ಲಾ ಊರುಗಳಲ್ಲೂ ಹೋಗುತ್ತಾರೆ. ಹಾಗಾದರೆ ನಗರ ತನ್ನ ಗಡಿಯನ್ನೇ ಹಿಗ್ಗಿಸಿಕೊಳ್ಳಬಹುದಿತ್ತಲ್ಲ? ಅದೇ ರಾಜ್ಯದ ರಾಜಧಾನಿ ಕೊಲಂಬಸ್ ಮಾಡಿದ್ದು ಅದನ್ನೇ. 1950ರ ದಶಕದಲ್ಲಿ ಅಲ್ಲಿನ ಮೇಯರ್ ಸೆನ್ಸನ್‌ಬ್ರೆನರ್ ಖಡಾಖಂಡಿತವಾಗಿ ನಿಂತರು: ನಮ್ಮ ನೀರು, ನಮ್ಮ ಒಳಚರಂಡಿ ಬೇಕಾ, ಹಾಗಾದರೆ ಮೊದಲು ನಮ್ಮ ನಗರಕ್ಕೆ ಸೇರಿಕೊಳ್ಳಿ. ಬಡಾವಣೆ ಕಟ್ಟುವವರಿಗೆ ಬೇರೆ ದಾರಿ ಇರಲಿಲ್ಲ. ಕೊಲಂಬಸ್‌ನ ವಿಸ್ತೀರ್ಣ ಸುಮಾರು 40 ಚದರ ಮೈಲಿಯಿಂದ 220 ಚದರ ಮೈಲಿ ದಾಟಿತು. ಜನ 3,75,901ರಿಂದ 9,05,748ಕ್ಕೆ ಏರಿದರು. ಡೇಟನ್ ಬಳಿಯೂ ನೀರಿತ್ತು. ಭೂಮಿಯಡಿಯ ಸಮೃದ್ಧ ನೀರು, ಈಗಲೂ ಅದು ಕೌಂಟಿಗೆ ನೀರು ಮಾರುತ್ತದೆ. ಆದರೆ ಆ ನೀರನ್ನು ಗಡಿ ಹಿಗ್ಗಿಸಲು ಕೊಲಂಬಸ್ ಹಾಗೆ ಬಳಸಲಿಲ್ಲ. ಅಷ್ಟರಲ್ಲಿ ಅಕ್ಕಪಕ್ಕದ ಹಳ್ಳಿಗಾಡು ಎಚ್ಚೆತ್ತುಕೊಂಡು 1950ರ ದಶಕದಲ್ಲಿ ತಾನೇ ಪ್ರತ್ಯೇಕ ನಗರವಾಯಿತು. ಚಾರ್ಲ್ಸ್ ಕೆಟರಿಂಗ್ ಹೆಸರಿನ ಕೆಟರಿಂಗ್ ನಗರ ಹುಟ್ಟಿದ್ದು ಹಾಗೆ. ಡೇಟನ್ 56 ಚದರ ಮೈಲಿಯಲ್ಲಿ ಸಿಕ್ಕಿಹಾಕಿಕೊಂಡಿತು.

ಹಾಗಾಗಿ ಕೊಲಂಬಸ್ ಬೆಳೆಯಿತು, ಡೇಟನ್ ಕುಗ್ಗಿತು ಅಂತ ಸುಮ್ನೆ ಎರಡು ಸಂಖ್ಯೆ ಹೋಲಿಸುವವರ ಬಗ್ಗೆ ನನಗೆ ಸ್ವಲ್ಪ ಬೇಸರವೇ ಇದೆ. ಕೊಲಂಬಸ್‌ಗೆ ರಾಜಧಾನಿ ಅನ್ನುವ ಬಲ ಇತ್ತು, ದೊಡ್ಡ ವಿಶ್ವವಿದ್ಯಾಲಯ ಇತ್ತು, ನಿಜ. ಆದರೆ ಕೊಲಂಬಸ್‌ನ ಹಳೆಯ, 1950ರ ಗಡಿಯನ್ನಷ್ಟೇ ಇಟ್ಟು ಎಣಿಸಿದರೆ ಅಲ್ಲೂ ಜನ ಕಡಿಮೆಯಾಗಿರುವುದು ಕಾಣುತ್ತದೆ. ಅಲ್ಲಿ ಹೊರಗೆ ಹೋದವರೂ ನಗರದ ಲೆಕ್ಕದೊಳಗೇ ಉಳಿದರು.

ಗಡಿ ಇಷ್ಟೊಂದು ಮುಖ್ಯ ಆಗುವುದಕ್ಕೆ ಕಾರಣ ತೆರಿಗೆ. ಒಹಾಯೊದಲ್ಲಿ ನಗರಗಳ ಬೊಕ್ಕಸ ತುಂಬುವುದು ಮುಖ್ಯವಾಗಿ ಸಂಬಳದ ಮೇಲಿನ ತೆರಿಗೆಯಿಂದ. ಡೇಟನ್‌ನಲ್ಲಿ ಅದು ಶೇ. 2.5. ಮೊದಲು 2.25 ಇತ್ತು, 2016ರಲ್ಲಿ ಜನ ಮತ ಹಾಕಿ ಏರಿಸಿದರು, ಅದರಲ್ಲಿ ಒಂದು ಪಾಲು ನಾಲ್ಕು ವರ್ಷದ ಮಕ್ಕಳ ಶಿಶುವಿಹಾರಕ್ಕೆ ಹೋಗುತ್ತದೆ. ಬಡ ಊರಿನವರು ತಾವೇ ಮತ ಹಾಕಿ ತೆರಿಗೆ ಏರಿಸಿಕೊಂಡರು ಅನ್ನುವುದನ್ನು ಗಮನಿಸಿ. ಈ ತೆರಿಗೆಯನ್ನು ಮೊದಲು ವಸೂಲಿ ಮಾಡುವುದು ನೀವು ಕೆಲಸ ಮಾಡುವ ಊರು. ನಗರದ ಸ್ಥಾನಮಾನ ಇಲ್ಲದ, ಟೌನ್‌ಶಿಪ್ ಅಂತ ಕರೆಸಿಕೊಳ್ಳುವ ಜಾಗಗಳು ಸಾಮಾನ್ಯವಾಗಿ ಈ ತೆರಿಗೆ ಹಾಕುವಂತೆಯೇ ಇಲ್ಲ. ಈಗ ಯೋಚಿಸಿ ನೋಡಿ. ಒಂದು ಕಚೇರಿ ಡೇಟನ್ ಪೇಟೆಯಿಂದ ಎಂಟು ಮೈಲಿ ದೂರದ ಟೌನ್‌ಶಿಪ್‌ಗೆ ಹೋದರೆ ಪ್ರದೇಶದ ಲೆಕ್ಕದಲ್ಲಿ ಒಂದು ಉದ್ಯೋಗವೂ ಕಡಿಮೆಯಾಗುವುದಿಲ್ಲ. ಆದರೆ ಡೇಟನ್‌ಗೆ ಬರುತ್ತಿದ್ದ ಅಷ್ಟೂ ಸಂಬಳದ ತೆರಿಗೆ ಹೋಗುತ್ತದೆ. ರಸ್ತೆ, ಬೆಂಕಿ ಆರಿಸುವವರು, ಪೊಲೀಸ್, ಹಳೆಯ ಪೈಪು ಎಲ್ಲಾ ಖರ್ಚು ಹಾಗೇ ಇರುತ್ತದೆ. ಎರಡೂವರೆ ಲಕ್ಷ ಜನರಿಗೆ ಹಾಕಿದ ಪೈಪನ್ನು ಒಂದೂಕಾಲು ಲಕ್ಷ ಚಿಲ್ಲರೆ ಜನ ರಿಪೇರಿ ಮಾಡಿಸಬೇಕು.

ಈ ಕಣ್ಣಲ್ಲಿ ನೋಡಿದರೆ ಆ ಭಾಗದ ಅತಿ ದೊಡ್ಡ ಉದ್ಯೋಗದಾತನ ಕಥೆಯೂ ಬೇರೆಯೇ ಕಾಣುತ್ತದೆ. ರೈಟ್-ಪ್ಯಾಟರ್ಸನ್ ವಾಯುನೆಲೆ. ಒಹಾಯೊದಲ್ಲಿ ಒಂದೇ ಜಾಗದಲ್ಲಿ ಇಷ್ಟು ಜನರಿಗೆ ಕೆಲಸ ಕೊಡುವ ಬೇರೆ ಸಂಸ್ಥೆ ಇಲ್ಲ, 35 ಸಾವಿರಕ್ಕೂ ಜಾಸ್ತಿ ಜನ. ವಾಯುಪಡೆಯ ಸಂಶೋಧನಾ ಪ್ರಯೋಗಾಲಯ ಇರುವುದು ಇಲ್ಲೇ, ವಿಮಾನಗಳ ಖರೀದಿ, ನಿರ್ವಹಣೆ ನಡೆಯುವುದು ಇಲ್ಲಿಂದ. ಬೋಸ್ನಿಯಾ ಯುದ್ಧ ನಿಲ್ಲಿಸಿದ 1995ರ ಡೇಟನ್ ಶಾಂತಿ ಮಾತುಕತೆ ನಡೆದದ್ದೂ ಇದರೊಳಗೆ. ಎಂಜಿನಿಯರ್‌ಗಳು, ರಕ್ಷಣಾ ಗುತ್ತಿಗೆ ಕಂಪನಿಗಳು, ಒಳ್ಳೆಯ ಸಂಬಳ. ಆದರೆ ಇದು ಇರುವುದು ಡೇಟನ್ ನಗರದ ಗಡಿಯ ಹೊರಗೆ, ಹೆಚ್ಚಿನ ಭಾಗ ಗ್ರೀನ್ ಕೌಂಟಿಯಲ್ಲಿ. ಅಲ್ಲಿ ದುಡಿಯುವವರು ಬೀವರ್‌ಕ್ರೀಕ್, ಫೇರ್‌ಬಾರ್ನ್‌ಗಳಲ್ಲಿ ಮನೆ ಮಾಡುತ್ತಾರೆ. ಹೆಸರು ಡೇಟನ್‌ದು, ವರಮಾನ ಬೇರೆಯವರದ್ದು. 2025ರಲ್ಲಿ ಕೇಂದ್ರ ಸರ್ಕಾರ ಸಿಬ್ಬಂದಿ ಕಡಿತ ಶುರು ಮಾಡಿದಾಗ, ಆಮೇಲೆ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಸರ್ಕಾರದ ಬಾಗಿಲೇ ಮುಚ್ಚಿದ್ದಾಗ ಮೊದಲು ನಡುಗಿದ್ದು ಈ ಉಪನಗರಗಳು. ಅಷ್ಟು ವರ್ಷ ಭದ್ರ ಅಂದುಕೊಂಡಿದ್ದ ಕೆಲಸ ಅದು.

ಕಾರ್ಖಾನೆಗಳ ಕಡೆಗೆ ಬರೋಣ, ಯಾಕಂದ್ರೆ ಅಲ್ಲಿ ಆದ ನಷ್ಟ ನಿಜವಾದದ್ದು, ಅದನ್ನು ಗಡಿಯ ಮಾತಿನಲ್ಲಿ ಮುಚ್ಚಿಬಿಡಬಾರದು. ಎನ್‌ಸಿಆರ್ ಮೊದಲ ಪೆಟ್ಟು ತಿಂದದ್ದು 1970ರ ದಶಕದ ಶುರುವಿನಲ್ಲಿ. ಹಲ್ಲುಚಕ್ರಗಳ ಗಲ್ಲಾಪೆಟ್ಟಿಗೆ ಹೋಗಿ ಎಲೆಕ್ಟ್ರಾನಿಕ್ ಬಂದಾಗ ಅದನ್ನು ಜೋಡಿಸಲು ಅಷ್ಟು ಕೈಗಳು ಬೇಕಾಗಲಿಲ್ಲ, ಸಾವಿರಾರು ಕಾರ್ಮಿಕರು ಕೆಲವೇ ವರ್ಷಗಳಲ್ಲಿ ಮನೆಗೆ ಹೋದರು. 2009ರಲ್ಲಿ ಮುಖ್ಯ ಕಚೇರಿಯನ್ನೇ ಜಾರ್ಜಿಯಾ ರಾಜ್ಯಕ್ಕೆ ಸಾಗಿಸಿದರು. 125 ವರ್ಷದ ಸಂಬಂಧ ಮುಗಿಯಿತು, ಆ ಜಾಗವನ್ನು ಡೇಟನ್ ವಿಶ್ವವಿದ್ಯಾಲಯ ಕೊಂಡಿತು. ಅದಕ್ಕೂ ಮೊದಲು 2005ರಲ್ಲಿ ಕಾರಿನ ಬಿಡಿಭಾಗಗಳ ಕಂಪನಿ ಡೆಲ್ಫೈ ದಿವಾಳಿ ಅರ್ಜಿ ಹಾಕಿತ್ತು. 2008ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಇದ್ದಾಗ, ಮೊರೇನ್‌ನ ಜನರಲ್ ಮೋಟಾರ್ಸ್ ಘಟಕದಿಂದ ಕೊನೆಯ ವಾಹನ ಹೊರಬಂತು.

ಆ ಕಟ್ಟಡ ಖಾಲಿ ಉಳಿಯಲಿಲ್ಲ. 2014ರಲ್ಲಿ ಚೀನಾದ ಫುಯಾವೊ ಕಂಪನಿ ಅದನ್ನು ಕೊಂಡು ಕಾರಿನ ಗಾಜು ಮಾಡಲು ಶುರು ಮಾಡಿತು. ಎರಡು ಸಾವಿರದಷ್ಟು ಉದ್ಯೋಗ ವಾಪಸ್ ಬಂತು. ರಾಜಕಾರಣಿಗಳು ಇದನ್ನು ಪುನರ್ಜನ್ಮ ಅಂದರು. ಆದರೆ ಸಂಬಳ ನೋಡಿ. ಜನರಲ್ ಮೋಟಾರ್ಸ್‌ನಲ್ಲಿ ಗಂಟೆಗೆ 28–29 ಡಾಲರ್ ಸಿಗುತ್ತಿದ್ದವರಿಗೆ ಅದೇ ಚಾವಣಿಯ ಕೆಳಗೆ ಶುರುವಿನಲ್ಲಿ ಸಿಕ್ಕಿದ್ದು 12–13 ಡಾಲರ್. 2017ರ ನವೆಂಬರ್‌ನಲ್ಲಿ ಕಾರ್ಮಿಕ ಸಂಘ ಬೇಕೋ ಬೇಡವೋ ಅಂತ ಮತದಾನ ಆಯಿತು. ಬೇಕು ಅಂದವರು 444, ಬೇಡ ಅಂದವರು 868. ಕೆಲಸ ಮತ್ತೆ ಕೈತಪ್ಪೀತು ಅನ್ನುವ ಹೆದರಿಕೆ ಅವರಲ್ಲಿ ಇರಲಿಲ್ಲ ಅಂತ ನಾನಂತೂ ನಂಬುವುದಿಲ್ಲ. ಉದ್ಯೋಗದ ಎಣಿಕೆ ಮಾತ್ರ ನೋಡಿದರೆ ಊರು ಚೇತರಿಸಿಕೊಂಡ ಹಾಗೆ ಕಾಣುತ್ತದೆ, ಸಂಬಳದ ಎಣಿಕೆ ಅದನ್ನು ಒಪ್ಪುವುದಿಲ್ಲ. ಇನ್ನೊಂದು ವಿಷಯ: ಮೊರೇನ್ ಕೂಡ ಡೇಟನ್ ಅಲ್ಲ, ಪಕ್ಕದ ಬೇರೆ ನಗರ.

ಗಡಿ ಅಂದರೆ ದುಡ್ಡಷ್ಟೇ ತಡೆಯುವ ಗೆರೆ ಅಲ್ಲ, ಕೆಲಸಕ್ಕೆ ಹೋಗುವ ಮನುಷ್ಯನನ್ನೂ ತಡೆಯುತ್ತದೆ. ಬೀವರ್‌ಕ್ರೀಕ್‌ನ ಬಸ್ ನಿಲ್ದಾಣಗಳ ಜಗಳವನ್ನು ನಾನು ಮರೆಯುವ ಹಾಗಿಲ್ಲ. ಅಲ್ಲಿ ಹೆದ್ದಾರಿ ಪಕ್ಕ ದೊಡ್ಡ ಮಾಲ್ ಇದೆ, ಸುತ್ತ ಆಸ್ಪತ್ರೆ, ಹೋಟೆಲ್, ಕಚೇರಿ. ಕಾರಿಲ್ಲದ ಡೇಟನ್‌ನವರಿಗೆ ಅಲ್ಲಿ ಕೆಲಸ ಇತ್ತು, ಆದರೆ ಬಸ್ ಅಲ್ಲಿವರೆಗೆ ಹೋಗುತ್ತಿರಲಿಲ್ಲ. ಇಳಿದು ಹೆದ್ದಾರಿ ಮೇಲಿನ ಸೇತುವೆ ದಾಟಿ ನಡೆಯಬೇಕಿತ್ತು, ಚಳಿಗಾಲದ ಹಿಮದಲ್ಲೂ. ಪ್ರದೇಶದ ಸಾರಿಗೆ ಸಂಸ್ಥೆ ಮೂರು ನಿಲ್ದಾಣ ಹಾಕುತ್ತೇವೆ ಅಂತ ಕೇಳಿತು. ಬೀವರ್‌ಕ್ರೀಕ್ ನಗರಸಭೆ ಹೀಟರ್, ಎಸಿ ಇರುವ ತಂಗುದಾಣ, ಕ್ಯಾಮೆರಾ ಅಂತ ಷರತ್ತು ಹಾಕಿತು, 2011ರಲ್ಲಿ ಆಗುವುದಿಲ್ಲ ಅಂತ ತಳ್ಳಿಹಾಕಿತು. ಡೇಟನ್‌ನ ಚರ್ಚುಗಳ ಒಂದು ಒಕ್ಕೂಟ ಕೇಂದ್ರ ಹೆದ್ದಾರಿ ಇಲಾಖೆಗೆ ದೂರು ಕೊಟ್ಟಿತು. 2013ರಲ್ಲಿ ಇಲಾಖೆ ಹೇಳಿತು: ಇದು ನಾಗರಿಕ ಹಕ್ಕುಗಳ ಕಾನೂನಿನ ಉಲ್ಲಂಘನೆ, ಸರಿ ಮಾಡದಿದ್ದರೆ ಹೆದ್ದಾರಿ ಅನುದಾನಕ್ಕೆ ಕುತ್ತು. 2014ರ ಜನವರಿಯಲ್ಲಿ ಬಸ್ ಬಂತು. ಮೂರು ಕಂಬ, ಮೂರು ಫಲಕ. ಅದಕ್ಕೆ ಬೇಕಾದದ್ದು ಮೂರು ವರ್ಷದ ಹೋರಾಟ.

ಇದೇ ಸಮಯದಲ್ಲಿ ಪಶ್ಚಿಮ ಭಾಗದಿಂದ ಸೌಲಭ್ಯಗಳು ಒಂದೊಂದಾಗಿ ಹೊರಟವು. ವಾಯವ್ಯ ಡೇಟನ್‌ನ ಗುಡ್ ಸಮಾರಿಟನ್ ಆಸ್ಪತ್ರೆ 2018ರಲ್ಲಿ ಮುಚ್ಚಿ ನೆಲಸಮವಾಯಿತು. ದಿನಸಿ ಅಂಗಡಿಗಳು ಹೋಗಿ ತಾಜಾ ತರಕಾರಿಗೆ ಬಸ್ ಹತ್ತುವ ಸ್ಥಿತಿ ಬಂತು. ಕೊನೆಗೆ ಜನರೇ ಷೇರು ಕೂಡಿಸಿ 2021ರಲ್ಲಿ ಸೇಲಂ ಅವೆನ್ಯೂನಲ್ಲಿ ಜೆಮ್ ಸಿಟಿ ಮಾರ್ಕೆಟ್ ಅನ್ನುವ ಸಹಕಾರಿ ಅಂಗಡಿ ತೆರೆದರು. ದೊಡ್ಡ ಕಂಪನಿಗಳು ಲಾಭ ಇಲ್ಲ ಅಂತ ಬಿಟ್ಟುಹೋದ ಜಾಗದಲ್ಲಿ ಇಂಥದ್ದನ್ನು ನಡೆಸುವುದು ಕಷ್ಟದ ಕೆಲಸ, ಹಾಗಿದ್ದೂ ಮಾಡಿದರು. ಮಾದಕ ವಸ್ತುಗಳ ಹಾವಳಿ ಇದರ ನಡುವೆಯೇ ಬಂತು. 2017ರಲ್ಲಿ ಮಾಂಟ್ಗಮರಿ ಕೌಂಟಿಯೊಂದರಲ್ಲೇ ಅತಿಯಾದ ಡೋಸ್‌ನಿಂದ 566 ಜನ ಸತ್ತರು. ಮರುವರ್ಷ ಅದು ಅರ್ಧದಷ್ಟಕ್ಕೆ ಇಳಿಯಿತು. ಬಡವರಿಗೂ ಆರೋಗ್ಯ ವಿಮೆ ವಿಸ್ತರಿಸಿದ್ದು, ಜೀವ ಉಳಿಸುವ ನಾಲೊಕ್ಸೋನ್ ಔಷಧವನ್ನು ಎಲ್ಲೆಡೆ ಹಂಚಿದ್ದು ಸಹಾಯ ಮಾಡಿತು. ಈ ಇಳಿಕೆಯ ಸುದ್ದಿ ಮಾತ್ರ ಸಾವಿನ ಸುದ್ದಿಯಷ್ಟು ಹರಡಲಿಲ್ಲ.

ಹೊಸದಾಗಿ ಬಂದವರ ಬಗ್ಗೆಯೂ ಹೇಳಬೇಕು. 2011ರಲ್ಲಿ ಡೇಟನ್ ನಗರ "ವೆಲ್‌ಕಮ್ ಡೇಟನ್" ಅನ್ನುವ ಯೋಜನೆ ಮಾಡಿ ವಲಸಿಗರನ್ನು ಕರೆಯಿತು. ಆಗ ಬೇರೆ ರಾಜ್ಯಗಳು ವಲಸಿಗರ ವಿರುದ್ಧ ಕಾನೂನು ಮಾಡುತ್ತಿದ್ದ ಕಾಲ. ಇಲ್ಲಿಗೆ ಬಂದವರಲ್ಲಿ ಅಹಿಸ್ಕಾ ತುರ್ಕರ ಕಥೆ ವಿಶೇಷ. 1944ರಲ್ಲಿ ಸ್ಟಾಲಿನ್ ಇವರನ್ನು ಜಾರ್ಜಿಯಾ ದೇಶದ ತಮ್ಮ ನೆಲದಿಂದ ಕಿತ್ತು ಮಧ್ಯ ಏಷ್ಯಾಕ್ಕೆ ಎಸೆದಿದ್ದ. ಅಲ್ಲಿಂದ ರಷ್ಯಾಕ್ಕೆ ಓಡಿಬಂದವರಿಗೆ ಪೌರತ್ವ ಸಿಗಲಿಲ್ಲ. 2000ದ ದಶಕದಲ್ಲಿ ಅಮೆರಿಕ ನಿರಾಶ್ರಿತರಾಗಿ ಒಪ್ಪಿಕೊಂಡಿತು. ಅಗ್ಗದ ಮನೆಗಳಿವೆ ಅಂತ ಒಬ್ಬರಿಂದೊಬ್ಬರು ಕೇಳಿ ಡೇಟನ್‌ಗೆ ಬಂದರು. ಓಲ್ಡ್ ನಾರ್ತ್ ಡೇಟನ್‌ನಲ್ಲಿ ಕೆಟ್ಟು ನಿಂತ ಮನೆಗಳನ್ನು ಕೊಂಡು ತಾವೇ ರಿಪೇರಿ ಮಾಡಿದರು, ಲಾರಿ ವ್ಯವಹಾರ ಶುರು ಮಾಡಿದರು. ಎಲ್ಲಾ ಸೇರಿ ಹೊರದೇಶದಲ್ಲಿ ಹುಟ್ಟಿದವರು ನಗರದಲ್ಲಿ ಇನ್ನೂ ಕಡಿಮೆಯೇ, ನೂರಕ್ಕೆ ಐದಾರು ಜನ. ಆದರೆ ಜನಸಂಖ್ಯೆಯ ಇಳಿತ ನಿಧಾನ ಆಗಿರುವುದರಲ್ಲಿ ಇವರ ಪಾಲು ದೊಡ್ಡದು. 2010ರಲ್ಲಿ 1,41,527 ಇದ್ದದ್ದು ಹತ್ತು ವರ್ಷದಲ್ಲಿ ನಾಲ್ಕು ಸಾವಿರವಷ್ಟೇ ಕಡಿಮೆಯಾಯಿತು. ಅದರ ಹಿಂದಿನ ದಶಕದಲ್ಲಿ ಹೋದದ್ದು 25 ಸಾವಿರ. ಹತ್ತಿರದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೈಟಿಯವರು ಬಂದು ಕಾರ್ಖಾನೆಗಳಲ್ಲಿ ದುಡಿದದ್ದೂ, 2024ರ ಚುನಾವಣೆಯಲ್ಲಿ ಅವರ ಮೇಲೆ ಸುಳ್ಳು ಆರೋಪಗಳು ಹಬ್ಬಿದ್ದೂ ಎಲ್ಲರಿಗೂ ಗೊತ್ತು. ಅಂಥ ವಾತಾವರಣದಲ್ಲಿ ಡೇಟನ್‌ನ ಈ ಚಿಕ್ಕ ಚೇತರಿಕೆ ಎಷ್ಟು ದಿನ ಅನ್ನುವ ಆತಂಕ ಸಹಜ.

ಹಾಗಾದರೆ ಗಡಿಗಳನ್ನೇ ಅಳಿಸಿಬಿಡಬಹುದಲ್ಲ? ಒಂದು ಸಲ ಈ ಕಣಿವೆಯ ಜನ ಅದನ್ನು ಮಾಡಿದ್ದಾರೆ. 1913ರ ಮಾರ್ಚ್‌ನಲ್ಲಿ ಮಯಾಮಿ ನದಿ ಉಕ್ಕಿ ಊರನ್ನೇ ಮುಳುಗಿಸಿತು, ಕಣಿವೆಯಲ್ಲಿ ಮುನ್ನೂರಕ್ಕೂ ಜಾಸ್ತಿ ಜನ ಸತ್ತರು. ನೀರು ಊರಿನ ಗಡಿ ನೋಡಿ ನಿಲ್ಲುವುದಿಲ್ಲ ಅಂತ ಅರ್ಥವಾಯಿತು. ರಾಜ್ಯದಲ್ಲಿ ಹೊಸ ಕಾನೂನು ಮಾಡಿಸಿ, ಹಲವು ಕೌಂಟಿಗಳಿಗೆ ಹರಡಿದ ಒಂದೇ ಮಂಡಳಿ ಕಟ್ಟಿ, ಲಾಭ ಪಡೆಯುವ ಆಸ್ತಿಗಳಿಂದಲೇ ದುಡ್ಡು ವಸೂಲಿ ಮಾಡಿ, 1922ರ ಹೊತ್ತಿಗೆ ಐದು ಒಣ ಅಣೆಕಟ್ಟು, ಅಂದರೆ ನೆರೆ ಬಂದಾಗ ಮಾತ್ರ ನೀರು ಹಿಡಿಯುವಂಥವು, ಕಟ್ಟಿದರು. ಅವು ಈಗಲೂ ಕೆಲಸ ಮಾಡುತ್ತಿವೆ.

ದುಡ್ಡಿನ ವಿಷಯದಲ್ಲಿ ಅಷ್ಟು ಧೈರ್ಯ ಬರಲಿಲ್ಲ. 1992ರಲ್ಲಿ ಮಾಂಟ್ಗಮರಿ ಕೌಂಟಿಯೊಳಗಿನ ಊರುಗಳು ಬೆಳವಣಿಗೆಯ ವರಮಾನದಲ್ಲಿ ಒಂದು ಸಣ್ಣ ಪಾಲು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಒಳ್ಳೆಯ ಕಲ್ಪನೆ, ಆದರೆ ಮೊತ್ತ ತೀರಾ ಚಿಕ್ಕದು. 2015ರ ಸುಮಾರಿಗೆ ನಗರ ಮತ್ತು ಕೌಂಟಿಯನ್ನು ಒಂದೇ ಮಾಡುವ ಪ್ರಸ್ತಾಪ ಬಂತು. ಮತದಾನದವರೆಗೂ ಹೋಗದೆ ಬಿದ್ದುಹೋಯಿತು. ಉಪನಗರಗಳಿಗೆ ಬೇಡವಾಗಿತ್ತು, ಅದು ನಿರೀಕ್ಷಿತ. ಆದರೆ ಪಶ್ಚಿಮ ಡೇಟನ್‌ನ ಕಪ್ಪು ನಾಯಕರಿಗೂ ಅನುಮಾನ ಇತ್ತು, ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಗರದೊಳಗೆ ಅವರು ನೂರಕ್ಕೆ ನಲವತ್ತು, ನಗರ ಸಮಿತಿಯಲ್ಲಿ ಅವರ ಮಾತಿಗೆ ಬೆಲೆ ಇದೆ. 5 ಲಕ್ಷದ 37 ಸಾವಿರ ಜನರ ಕೌಂಟಿಯಲ್ಲಿ ಕರಗಿದರೆ ಆ ಧ್ವನಿ ತೆಳುವಾಗುತ್ತದೆ. ತಮ್ಮನ್ನು ಗೆರೆಯೊಳಗೆ ಕೂಡಿಹಾಕಿದ್ದ ಕಾಲದಲ್ಲಿ ಕಷ್ಟಪಟ್ಟು ಗಳಿಸಿದ ಅಧಿಕಾರವನ್ನು ಬಿಟ್ಟುಕೊಡಿ ಅಂತ ಕೇಳುವ ಮೊದಲು ಬದಲಿಗೆ ಏನು ಸಿಗುತ್ತದೆ ಅಂತ ಯಾರಾದರೂ ಲಿಖಿತವಾಗಿ ಹೇಳಬೇಕಿತ್ತು. ಹೇಳಲಿಲ್ಲ.

ನನ್ನ ಪ್ರಕಾರ ಒಂದಾಗುವುದಕ್ಕಿಂತ ಮೊದಲು ಆಗಬೇಕಾದದ್ದು ತೆರಿಗೆ ಹಂಚಿಕೆ, ಮತ್ತು ಅದು 1992ರ ಒಪ್ಪಂದಕ್ಕಿಂತ ಬಹಳ ದೊಡ್ಡ ಪ್ರಮಾಣದಲ್ಲಿ. ಅಷ್ಟರವರೆಗೆ ನಗರಕ್ಕೆ ಉಳಿದಿರುವ ದಾರಿ ತನ್ನ ಗಡಿಯೊಳಗೆ ಸಂಬಳ ಹುಟ್ಟಿಸುವುದು. ನಗರಕ್ಕೆ ಸೇರಿದ ವಿಮಾನ ನಿಲ್ದಾಣದ ನೆಲ ಅದಕ್ಕೆ ಈಗ ದೊಡ್ಡ ಆಸರೆ. 70 ಮತ್ತು 75ನೇ ಇಂಟರ್‌ಸ್ಟೇಟ್ ಹೆದ್ದಾರಿಗಳು ಕೂಡುವ ಜಾಗದ ಹತ್ತಿರ ಇರುವುದರಿಂದ ಆ ಸುತ್ತ ಗೋದಾಮುಗಳು ಎದ್ದಿವೆ. ಎಲೆಕ್ಟ್ರಿಕ್ ಏರ್ ಟ್ಯಾಕ್ಸಿ ಮಾಡುವ ಜೋಬಿ ಕಂಪನಿ 2023ರಲ್ಲಿ ಅಲ್ಲಿಗೆ ಬರುವುದಾಗಿ ಘೋಷಿಸಿತು, 50 ಕೋಟಿ ಡಾಲರ್‌ವರೆಗೆ ಹೂಡಿಕೆ, 2,000ದವರೆಗೆ ಉದ್ಯೋಗ ಅಂತ. ಇಂಥ ಘೋಷಣೆಯಲ್ಲಿ "ವರೆಗೆ" ಅನ್ನುವುದನ್ನು ಎಚ್ಚರದಿಂದ ಓದಬೇಕು. ಅದರಲ್ಲಿ ಎಷ್ಟು ಕೆಲಸ ನಿಜವಾಗಿ ಹುಟ್ಟುತ್ತದೆ, ಎಷ್ಟು ಗಡಿಯ ಒಳಗೆ ಉಳಿಯುತ್ತದೆ, ಪಶ್ಚಿಮ ಡೇಟನ್‌ನ ಹುಡುಗ ಹುಡುಗಿಯರಿಗೆ ಅದಕ್ಕೆ ಬೇಕಾದ ತರಬೇತಿ ಸಿಗುತ್ತದೋ ಇಲ್ಲವೋ, ರಾತ್ರಿ ಪಾಳಿ ಮುಗಿದ ಮೇಲೆ ಅವರನ್ನು ಮನೆಗೆ ತಲುಪಿಸುವ ಬಸ್ ಇರುತ್ತದೋ ಇಲ್ಲವೋ, 2030ರ ಗಣತಿಗೆ ಮುಂಚೆ ಡೇಟನ್ ನಗರ ಸಮಿತಿ ಉತ್ತರ ಕೊಡಬೇಕಾದ ಪ್ರಶ್ನೆಗಳು ಇವು.